ಬಾಕಿ ದಿಬ್ಬ

ತೂಬಿನ ಕಲ್ಲಿಗೆ ಬೆನ್ನು ಕೊಟ್ಟು ನೋಡಿದರೆ
ಕೆರೆಯ ನಡುವೆ, ಬೋರಲು ಬಿದ್ದ ಬುಟ್ಟಿಯ ಹಾಗೆ,
ಅರ್ಧ ಎಕರೆಯೂ ಇಲ್ಲದ ನೆಲ.
ಪಹಣಿಯಲ್ಲಿ ಅದಕ್ಕೆ ನಂಬರಿಲ್ಲ.
ಮಾದಮಂಗಲದವರ ಬಾಯಲ್ಲಿ ಮಾತ್ರ ಹೆಸರು:
ಬಾಕಿ ದಿಬ್ಬ.

ಏಳು ಗೊಬ್ಬಳಿ, ಒಂದು ಹೊಂಗೆ.
ಹಿಕ್ಕೆಯ ಸುಣ್ಣ ಬಳಿದುಕೊಂಡ ಕೊಂಬೆಗಳ ಮೇಲೆ
ರೆಕ್ಕೆ ಒಣಹಾಕಿ ಕೂತ ನೀರುಕಾಗೆಗಳು,
ಮಳೆ ನಿಂತರೂ ಕೊಡೆ ಮಡಿಸದವರು.
ಬುಡದಲ್ಲಿ ಆಪು, ಜೊಂಡು,
ಆಮೆಗಳ ಹೊಟ್ಟೆ ಉಜ್ಜಿ ಉಜ್ಜಿ ನುಣುಪಾದ ಒಂದು ಬಂಡೆ.
ಮನುಷ್ಯರು ಯಾರೂ ಅಲ್ಲಿ ರಾತ್ರಿ ಉಳಿದದ್ದಿಲ್ಲ.

ಕೆರೆ ಕಟ್ಟಿ ಮುಗಿಸಿದ ದಿನವಂತೆ.
ಮಣ್ಣು ಹೊತ್ತ ಬೋವಿ ಹೆಂಗಸರು
ಬುಟ್ಟಿಗೊಂದು ಕವಡೆ ಎಣಿಸಿಕೊಂಡು ಏರಿ ಇಳಿದು ಹೋದರು.
ಎರ್ರಕ್ಕ ಎಂಟು ತಿಂಗಳ ಬಸುರಿ, ನಡಿಗೆ ನಿಧಾನ.
ಅವಳು ಬರುವಷ್ಟರಲ್ಲಿ ಶಾನುಭೋಗ
ಕವಡೆ ಚೀಲದ ಬಾಯಿ ಕಟ್ಟಿದ್ದ.
"ಒಂದು ಬುಟ್ಟಿ ತಾನೆ, ನಾಳೆ ನೋಡೋಣ."
ಅವಳು ಏರಿ ಹತ್ತಲಿಲ್ಲ. ಬಂದ ದಾರಿಯಲ್ಲೇ ತಿರುಗಿ
ಕೆರೆಯಂಗಳದ ನಟ್ಟನಡುವೆ ಬುಟ್ಟಿ ಮಗುಚಿದಳು.
"ಇದು ನನ್ ಮಣ್ಣು. ಕೂಲಿ ಕೊಡೋಗಂಟ
ನಿಮ್ ನೀರು ಇದರ ನೆತ್ತಿ ಮುಟ್ಟಬಾರದು."
ತೆಲುಗಿನಲ್ಲಿ ಅಂದಳು.
ನಾವು ಕನ್ನಡದಲ್ಲಿ ಹೇಳಿಕೊಂಡು ಬಂದಿದ್ದೇವೆ.

ಹಾಗಾಗಿ ಒಂದು ಕಟ್ಟು:
ದಿಬ್ಬದಿಂದ ಏನು ಬೇಕಾದರೂ ತಾ, ಮಣ್ಣೊಂದು ಬಿಟ್ಟು.
ಚಾಪೆ ಹೆಣೆಯುವ ಪಾಪಕ್ಕ ಆಪು ಕೊಯ್ದು
ಕುಡುಗೋಲಿನ ಕೆಸರನ್ನು ಅಲ್ಲೇ ಒರೆಸಿ ಬರುತ್ತಿದ್ದಳು.
ಬಲೆಯ ದಸ್ತಗಿರಿ ಮೊದಲ ಕೊರವವನ್ನು ಬಂಡೆಯ ಮೇಲಿಟ್ಟು
ಹದ್ದು ಒಯ್ದದ್ದನ್ನು ನೋಡಿಯೇ ತೆಪ್ಪ ತಿರುಗಿಸುತ್ತಿದ್ದ.
ನನ್ನ ತಾತ, ನೀರುಗಂಟಿ ಪಿಳ್ಳಪ್ಪ,
ಮೇಕೆಗಳಿಗೆ ಗೊಬ್ಬಳಿ ಕಾಯಿ ಉದುರಿಸಲು ನನ್ನನ್ನೂ ಕರೆದೊಯ್ದು
ಹೊರಡುವಾಗ ಬೆರಳ ಸಂದಿ ಬಿಡದೆ ಕಾಲು ತೊಳೆಸುತ್ತಿದ್ದ.
"ಇನ್ನೊಬ್ಬರ ಕೂಲಿ ಮನೆಗೆ ತರಬಾರದು ಮಗ."

ಆಮೇಲೆ ಹದಿನಾರು ವರ್ಷ ನೀರೇ ಇಲ್ಲ.
ದಿಬ್ಬ ಬರೀ ದಿಬ್ಬವಾಯಿತು.
ಅದು ತೇಲುತ್ತದೆಂದು ನಂಬಿದ್ದೆವು ನಾವು.
ಹೊಸ ಹುಡುಗರು ನಡೆದೇ ಹೋಗಿ ಬುಡ ನೋಡಿ ಬಂದು
"ಮಣ್ಣು, ಅಷ್ಟೆ" ಎಂದರು.
ಅವರ ಕ್ರಿಕೆಟ್ಟಿಗೆ ಅದೊಂದು ಬೌಂಡರಿ.

ಇಟ್ಟಿಗೆ ಗೂಡಿನ ಸೊಣ್ಣಪ್ಪ ಜೆಸಿಬಿ ತರಿಸಿದ.
ತಾತ ಅಡ್ಡ ಮಲಗಲಿಲ್ಲ, ಕೂಗಾಡಲಿಲ್ಲ.
ಬೀಡಿ ಕಟ್ಟಿನ ಕಾಗದದ ಹಿಂದೆ ಲೆಕ್ಕ ಬರೆದ:
ಒಂದು ಕವಡೆ, ಮುನ್ನೂರು ವರ್ಷ, ಬಡ್ಡಿ, ಚಕ್ರಬಡ್ಡಿ.
"ಮಣ್ಣೆತ್ತೋನು ಬಾಕೀನೂ ಎತ್ತಬೇಕು" ಎಂದು
ಡ್ರೈವರನ ಕೈಗಿಟ್ಟ.
ಆ ಹುಡುಗ ಲಿಂಗಸುಗೂರಿನ ಕಡೆಯವನು.
ಸೊಣ್ಣಪ್ಪನಿಂದ ಅವನಿಗೇ ಮೂರು ತಿಂಗಳ ಸಂಬಳ ಬರಬೇಕಿತ್ತು.
ಚೀಟಿ ಓದಿದ. ಮತ್ತೊಮ್ಮೆ ಓದಿದ.
ಮಡಿಸಿ ಜೇಬಿಗಿಟ್ಟು
ಗಾಡಿ ತಿರುಗಿಸಿ ಬೇರೆ ಕಡೆ ಅಗೆದ.

ಈಗ ನೀರು ಬಂದಿದೆ. ಮಳೆಯದಲ್ಲ.
ಬೆಂಗಳೂರು ಮಿಂದು, ಮುಸುರೆ ತೊಳೆದು, ಸೋಸಿ ಕಳಿಸಿದ್ದು.
ಪೈಪಿನೊಳಗೆ ದಿಣ್ಣೆ ಹತ್ತಿ ಬಂದದ್ದು.
ಕೋಡಿಯ ಹತ್ತಿರ ನೊರೆ ಗಾಳಿಗೆ ಹಾರುತ್ತದೆ,
ಪುಟ್ಟ ಮಕ್ಕಳು ಹಿಡಿಯಲು ಓಡುತ್ತವೆ, ತಾಯಂದಿರು ಬೈಯುತ್ತಾರೆ.
ಪಾಪಕ್ಕನ ಸೊಸೆ ಪ್ಲಾಸ್ಟಿಕ್ ಚಾಪೆ ಮಾರುತ್ತಾಳೆ.
ದಸ್ತಗಿರಿಯ ಮಗ ಥರ್ಮಾಕೋಲಿನ ಮೇಲೆ ಕೂತು
ಜಿಲೇಬಿ ಮೀನು ಹಿಡಿಯುತ್ತಾನೆ.
ನೀರುಕಾಗೆಗಳು ಯಾರನ್ನೂ ಕೇಳದೆ ವಾಪಸು ಬಂದಿವೆ.
ತಾತ ಇಲ್ಲ.
ದಿಬ್ಬದ ನೆತ್ತಿ ಇನ್ನೂ ಒಣಗಿಯೇ ಇದೆ.

ಮೊನ್ನೆ ಆ ಹುಡುಗನ ಜೊತೆ ಹೋದೆ.
ಬಂಡೆಯ ಮೇಲೆ ಏನಾದರೂ ಇಡೋಣವೆಂದರೆ
ಜೇಬಿನಲ್ಲಿ ಒಂದು ಬಿಲ್ಲೆಯೂ ಇಲ್ಲ, ದುಡ್ಡೆಲ್ಲ ಫೋನಿನಲ್ಲಿ.
ಎರ್ರಕ್ಕನ ನಂಬರು ಯಾರ ಹತ್ತಿರ ಇದೆ?
ಹೊರಡುವಾಗ ಕಾಲು ನೀರಿಗಿಳಿಸಿದೆ.
"ಬ್ಯಾಡಣ್ಣ, ಈ ನೀರು ಕಡಿತೈತೆ" ಎಂದ ಹುಡುಗ.
ಬೆರಳ ಸಂದಿ ಬಿಡದೆ ತೊಳೆದೆ.
ಒಂದು ಗಳಿಗೆ ನೀರು ಕೆಂಪಾಯಿತು,
ಆಮೇಲೆ ಅದರದೇ ಬಣ್ಣಕ್ಕೆ ತಿರುಗಿತು.

ರಾತ್ರಿಯೆಲ್ಲ ಕಾಲು ಕೆರೆದುಕೊಳ್ಳುತ್ತ
ಎಚ್ಚರವಾಗಿಯೇ ಇದ್ದೆ.