ಕಾರ್ಡ್ ಹಾಕಿಲ್ಲ

ವ್ಲಾಡಿವೊಸ್ತೋಕ್‌ನ ಏರಿಳಿತದ ಬೀದಿಗಳಲ್ಲಿ
ಬಲಗಡೆ ಕೂತು ಬಲಗಡೆಯೇ ಓಡಿಸುವವರು ನಾವು.
ಸಮುದ್ರದಾಚೆ ಜಪಾನಿನವರು ಹಳತೆಂದು ಮಾರಿದ ಕಾರುಗಳು,
ಸ್ಟಿಯರಿಂಗ್ ಅಲ್ಲಿಯದು, ರಸ್ತೆ ಇಲ್ಲಿಯದು.
ಕೀಲಿ ತಿರುವಿದೊಡನೆ ಒಳಗಿಂದ ಒಬ್ಬ ಹೆಂಗಸು
ಹನ್ನೊಂದು ವರ್ಷದಿಂದ ಅದನ್ನೇ ಹೇಳುತ್ತಾಳೆ,
ಮೆತ್ತಗೆ, ತಪ್ಪದೆ, ಅವಳ ಭಾಷೆಯಲ್ಲಿ.
"ಆಯ್ತಮ್ಮ" ಅಂದು ನಾನು ಗೇರು ಹಾಕುತ್ತೇನೆ.

ಮಂಗಳವಾರ ಅವಳ ಮಾತು ಮುಗಿದು ಹತ್ತೇ ನಿಮಿಷಕ್ಕೆ
ಲುಗೊವಾಯಾ ಚೌಕದ ಇಳಿಜಾರಿನಲ್ಲಿ
ಬಿಳಿ ಪುಟಾಣಿ ಕಾರೊಂದು ನನ್ನ ಟ್ಯಾಕ್ಸಿಗೆ ಬಂದು ಬಡಿಯಿತು.
ಹಾಗಂತಲೇ ಬರೆಸಿದೆ: ಬಂದು ಬಡಿಯಿತು.
ಪೊಲೀಸ್ ಹುಡುಗನ ಪೆನ್ನು ಚಳಿಗೆ ಕಟ್ಟಿಕೊಂಡಿತ್ತು,
ಬಾಯಲ್ಲಿಟ್ಟು ಬಿಸಿ ಮಾಡಿ ಮತ್ತೆ ಬರೆದ:
ಸಿಗ್ನಲ್ ಹಸಿರಿತ್ತು ಎನ್ನುತ್ತಾನೆ ಚಾಲಕ ಯೆಫಿಮ್ ಬರ್ಸೆನೆವ್.
ಹಸಿರಿತ್ತು. ಎದೆ ತಟ್ಟಿಕೊಂಡು ಹೇಳಿದೆ.
ಕಣ್ಣು ಮುಚ್ಚಿದರೆ ಈಗಲೂ ಕಾಣುತ್ತದೆ,
ಮಂಜಿನಲ್ಲಿ ಒದ್ದೆಯಾದ ಹಸಿರು.

ಬೇಕಿದ್ದರೆ ಇದನ್ನು ಕೇಳಿ, ಅಂದೆ,
ಗಾಜಿಗಂಟಿದ ಅಗ್ಗದ ಕ್ಯಾಮೆರಾ ತೋರಿಸಿ,
ಇದಕ್ಕೆ ಸುಳ್ಳು ಬರಲ್ಲ.
ಶುಕ್ರವಾರ ತಂದುಕೊಡು, ಅಂದ ಹುಡುಗ.
ಅವನ ಗಮನವೆಲ್ಲ ಆಂಬುಲೆನ್ಸಿನ ಕಡೆ.
ಬಿಳಿ ಕಾರಿನ ತೈಸಿಯಾ, ಮೀನಿನ ಡಬ್ಬಿಗೆ ಮುಚ್ಚಳ ಒತ್ತುವವಳು,
ಭುಜದ ಮೂಳೆ ಮುರಿದು ಮಲಗಿದ್ದರೂ ಒಂದೇ ಸಮನೆ
"ನನ್ನದೇ ಇರಬೇಕು, ನನ್ನದೇ ತಪ್ಪಿರಬೇಕು,
ರಾತ್ರಿ ಪಾಳಿ ಮುಗಿಸಿ ಬಂದೆ, ನಿದ್ದೆ ಇಲ್ಲ" ಅನ್ನುತ್ತಿದ್ದಳು.

ಬಂಪರನ್ನು ಹಗ್ಗದಲ್ಲಿ ಕಟ್ಟಿ ಮನೆ ಮುಟ್ಟಿಸಿ
ಕಾರಿನೊಳಗೇ ಕೂತು, ಬೆಂಕಿಪೊಟ್ಟಣದಷ್ಟು ಪರದೆಯಲ್ಲಿ
ನನ್ನ ಹಸಿರನ್ನು ಹುಡುಕಿದೆ.

ಎಂಟು ಗಂಟೆ ಹದಿನಾಲ್ಕು. ವೈಪರು ಒಂದು ಸಲ ಒರೆಸುತ್ತದೆ.
ಯಾವುದೋ ಅರ್ಧ ಹಾಡು ಗುನುಗುತ್ತಿದ್ದೇನೆ, ಅಪಸ್ವರ.
ಸಿಗ್ನಲ್ ಕೆಂಪು.
ಹಳದಿ ಅಲ್ಲ, ಈಗಷ್ಟೇ ಬಿದ್ದ ಕೆಂಪೂ ಅಲ್ಲ,
ನಾಲ್ಕು ಸೆಕೆಂಡಿನಿಂದ ನಿಂತೇ ಇರುವ ಕೆಂಪು.
ಹಸಿರಿದ್ದದ್ದು ಪಕ್ಕದ ಔಷಧಿ ಅಂಗಡಿಯ ಶಿಲುಬೆ.
ಬಿಳಿ ಕಾರು ಬಂದು ಬಡಿಯುವುದಿಲ್ಲ.
ಅದು ತನ್ನ ಪಾಡಿಗೆ ಹೋಗುತ್ತಿದೆ. ನಾನೇ ಹೋಗಿ ಬಡಿಯುತ್ತೇನೆ.
ಗುನುಗು ನಿಲ್ಲುವುದು ಬಡಿದ ಮೇಲೆ.

ಹನ್ನೆರಡು ಸಲ ನೋಡಿದೆ.
ನಾನು ಸುಳ್ಳು ಹೇಳಿರಲಿಲ್ಲ, ಭಯವಾದದ್ದು ಅದಕ್ಕೆ.
ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರೆ.
ಹಾಗಾದರೆ ಅಣ್ಣನ ಮೇಲೆ ಮೊದಲು ಕೈ ಎತ್ತಿದ್ದು ಯಾರು?
ಬಾಗಿಲಲ್ಲಿ ಸೂಟ್‌ಕೇಸ್ ಹಿಡಿದು ನಿಂತ ಲೀದಿಯಾ
ನಿಜವಾಗಿಯೂ ಒಂದು ಗಳಿಗೆ ಕಾದಿದ್ದಳಾ?
ಅವಕ್ಕೆಲ್ಲ ಕಾರ್ಡಿಲ್ಲ.

ಇದರ ಹೊಟ್ಟೆ ಚಿಕ್ಕದು. ಆರು ಗಂಟೆ ತುಂಬಿದರೆ
ಹಳೆಯದರ ಮೇಲೆ ಹೊಸದನ್ನು ಬರೆದುಕೊಳ್ಳುತ್ತದೆ.
ನಾನು ಅಳಿಸಬೇಕಿಲ್ಲ, ಮುರಿಯಬೇಕಿಲ್ಲ,
ಸಮುದ್ರಕ್ಕೆ ಎಸೆಯಬೇಕಿಲ್ಲ,
ಎಂದಿನಂತೆ ಗಾಡಿ ಓಡಿಸಿದರೆ ಸಾಕು.
ಬಂದರಿನ ಕ್ರೇನು, ಸೇತುವೆ, ಹಿಮ, ಮುಂದಿನ ಲಾರಿಯ ಬೆನ್ನು
ಒಂದೊಂದಾಗಿ ಬಂದು ಆ ಕೆಂಪಿನ ಮೇಲೆ ಕೂರುತ್ತವೆ.
ಬುಧವಾರ ನಾಲ್ಕು ಗಂಟೆ ಓಡಿಸಿದೆ.
ಸುಳ್ಳೇಕೆ, ಲೆಕ್ಕ ಹಾಕಿಕೊಂಡೇ ಓಡಿಸಿದೆ.

ಗುರುವಾರ ರೈಲು ನಿಲ್ದಾಣದಲ್ಲಿ ಹತ್ತಿದವಳು
ಸೊಯೆಲ್ಮಾ ಎಂಬ ಬುರ್ಯಾತ್ ಹುಡುಗಿ, ಜಪಾನೀ ಓದುತ್ತಾಳಂತೆ.
ಕೀಲಿ ತಿರುವಿದೆ. ಒಳಗಿನವಳು ಹೇಳಿದಳು. ಹುಡುಗಿ ನಕ್ಕಳು.
ಏನಂತೆ ಅವಳದು?
"ಕಾರ್ಡ್ ಹಾಕಿಲ್ಲ ಅನ್ನುತ್ತಾಳೆ.
ಅವರ ಕಡೆಯ ಟೋಲಿನ ಕಾರ್ಡು. ಅಷ್ಟೇ."
ಹನ್ನೊಂದು ವರ್ಷ ನಾನದನ್ನು
ಶುಭೋದಯ ಅಂದುಕೊಂಡಿದ್ದೆ.

ಹುಡುಗಿಯನ್ನು ಇಳಿಸಿ, ಎಂಜಿನ್ ಆರಿಸಿ,
ಉಗುರಿನಿಂದ ಒತ್ತಿದೆ. ಟಿಕ್ ಎಂದು ಹೊರಬಂತು,
ಕುಂಬಳಬೀಜದಷ್ಟು, ಇನ್ನೂ ಬೆಚ್ಚಗೆ.
ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದದಲ್ಲಿ ಸುತ್ತಿ ಜೇಬಿಗಿಟ್ಟೆ.
ಅರ್ಧ ಗಂಟೆ ಬಾಕಿ ಇತ್ತೋ, ಹತ್ತು ನಿಮಿಷವೋ,
ಇಲ್ಲ ಆಗಲೇ ಎಲ್ಲ ಮುಗಿದು ಬರೀ ಹಿಮ ಉಳಿದಿದೆಯೋ,
ನೋಡಲಿಲ್ಲ.

ಮತ್ತೆ ಕೀಲಿ ತಿರುವಿದೆ.
ಅವಳು ಹೇಳಿದಳು.
"ಗೊತ್ತಮ್ಮ," ಅಂದೆ.
ತೈಸಿಯಾಳ ಆಸ್ಪತ್ರೆ ಯಾವ ಗುಡ್ಡದ ಮೇಲಿದೆಯೋ ಕೇಳಿರಲಿಲ್ಲ.
ಶುಕ್ರವಾರಕ್ಕೆ ಇನ್ನೂ ಒಂದು ರಾತ್ರಿ ಇತ್ತು.