ಹೆಬ್ಬೆರಳು

ಗರಗದ ದಾರಿಯಲ್ಲಿ ಇನ್ನೂ ನಸುಕು.
ಜೀಪಿನ ಹಿಂದೆ ಐಸ್ ಡಬ್ಬಿ, ಅದರೊಳಗೆ
ಹದಿನಾರು ಸೀಸೆ ಕಿಣಿಕಿಣಿ.
ಹದಿನೇಳನೆಯದು ಖಾಲಿ,
ಅದು ಫಕ್ಕೀರವ್ವನ ಆಕಳಿಗೆ.

ನಾಲ್ಕು ಬಟ್ಟಲಿನ ಬಿಳಿ ತಟ್ಟೆ ನನ್ನದು,
ಮೊಲೆಗೊಂದು ಬಟ್ಟಲು.
ಎರಡೆರಡು ಧಾರೆ ಹಾಲು, ಮೇಲೆ ನೇರಳೆ ದ್ರಾವಣ,
ಬುರುಗು ಏಳದಂತೆ ತಿರುವಬೇಕು.
ಮೂರು ನೀರಾಗಿಯೇ ಹರಿದಾಡಿದವು.
ನಾಲ್ಕನೆಯದು ನಡುವೆ ಗುಡ್ಡೆ ಕಟ್ಟಿತು
ತತ್ತಿಯ ಲೋಳೆಯಂತೆ.

‘ಹಿಂದಿನ ಎಡದ್ದು’ ಎಂದೆ,
ಕಂಡುಹಿಡಿದವಳ ದನಿಯಲ್ಲಿ.

‘ಹೂಂ. ಸೋಮವಾರದಿಂದ.
ನಾ ಕುಂದ್ರೂಕಿಂತ ಮೊದ್ಲ ಆ ಕಾಲು ಎತ್ತಿ ಇಡತೈತಿ.
ಅರಿಷಿಣ ಹಚ್ಚೇನಿ.
ನೀವು ಬಣ್ಣ ಹಾಕೂತನಕ ಸುಮ್ಮನ ಇದ್ದೆ ಡಾಕ್ಟರವ್ವ,
ನಿಮ್ಮ ಓದಿಗೆ ಯಾಕ ಅಡ್ಡ ಬರಲಿ ಅಂತ.’

ಅಂದು ಗುರುವಾರ.

ಹಿಂಡಿ ತೋರಿಸು ಎಂದೆ.
ಬಿಸಿನೀರ ಅರಿವೆ ಒತ್ತಿ, ಹಣೆಯನ್ನು ಪಕ್ಕೆಗೆ ಆನಿಸಿ
ಕಾದಳು. ತೊರೆ ಇಳಿಯಿತು.
ಹೆಬ್ಬೆರಳು ಒಳಗೆ ಮಡಚಿತು, ಗೆಣ್ಣು ಮೊಲೆಗೆ ಒತ್ತಿತು.
ನನ್ನ ಫಾರ್ಮಿನಲ್ಲಿ ಅದಕ್ಕೊಂದು ಚೌಕವಿದೆ:
ತಪ್ಪು ವಿಧಾನ. ಗೀಟು ಹಾಕಿದೆ.

‘ಮುಷ್ಟಿ ಹಿಡಿದು ಹಿಂಡಬೇಕು. ಗೆಣ್ಣು ಒತ್ತಿದರೆ
ಒಳಗಿನ ತೊಗಲು ಕಂದತೈತಿ, ಬಾವು ಅಲ್ಲಿಂದನ.’
ತಲೆಯಾಡಿಸಿ ಕೈ ಬಿಚ್ಚಿದಳು.
ನಾಲ್ಕು ಬೆರಳು ಬಿಚ್ಚಿದವು.
ಐದನೆಯದರ ಬುಡಕ್ಕೆ
ಲಿಂಬಿಕಾಯಿಯಷ್ಟು ಗಂಟು. ಮೂವತ್ತೊಂದು ವರ್ಷ, ಎರಡು ಹೊತ್ತು.
ಒತ್ತಿ ನೋಡಿದೆ.
ಆಕೆ ಕಾಲು ಎತ್ತಿ ಇಟ್ಟಳು.

ಆಕಳಿಗೆ ಬರೆದುಕೊಟ್ಟೆ: ಐದು ದಿನ, ಮೊಲೆಯೊಳಗೆ ಟ್ಯೂಬು,
ಹಾಲು ಡೇರಿಗೆ ಹಾಕಬಾರದು.
ಕೈಗೆ ಬರೆಯಲು ನನ್ನ ಪದವಿಗೆ ಹಕ್ಕಿಲ್ಲ,
ಸಿವಿಲ್ ಆಸ್ಪತ್ರೆಗೆ ಹೋಗು ಎಂದೆ.
‘ಹೋಗೂಣಂತ. ಸಂಜಿಗೆ ಇದನ್ನ ಯಾರು ಹಿಂಡವರು?’

ಉಳಿದ ಮೂರಕ್ಕೆ ನಾನೇ ಕೂತೆ.
ಆಕಳು ಹೊರಳಿ ನೋಡಿ
ಹಾಲು ಮೇಲಕ್ಕೇರಿಸಿಕೊಂಡಿತು.
ಎಂಟು ವರ್ಷ ಕೆಚ್ಚಲು ಓದಿದ ಕೈಗೆ ಒಂದು ಹನಿ ಇಲ್ಲ.
ಹಿಂದೆ ನಿಂತವಳು ನಾಲಗೆ ಲೊಚಗುಟ್ಟಿ
‘ಬಿಡು, ನಮ್ಮಾಕಿನ ಅದಾಳ’ ಅಂದಳು,
ಆಕಳಿಗೋ, ನನಗೋ.
ಆಮೇಲೆ ಬಂತು.

ಮುಷ್ಟಿ. ಮುಷ್ಟಿ. ಮುಷ್ಟಿ.
ಚರಿಗೆ ಅರ್ಧವಾದಾಗ ಮುಂಗೈ ಉರಿಯುತ್ತಿತ್ತು.
ಕೆಳಗೆ ನೋಡಿದೆ:
ಯಾವಾಗಲೋ ನನ್ನ ಹೆಬ್ಬೆರಳೂ ಮಡಚಿಕೊಂಡಿತ್ತು.

ಹದಿನೇಳನೆಯ ಸೀಸೆಗೆ ಚೀಟಿ ಅಂಟಿಸಿದೆ.
ಫಾರ್ಮಿನ ಅಂಚಿಗೆ, ಚೌಕವಿಲ್ಲದ ಕಡೆ,
ಪೆನ್ಸಿಲಿನಲ್ಲಿ: ಬಲಗೈ. ಮೂವತ್ತೊಂದು ವರ್ಷ.
ಅಕ್ಷರ ಸೊಟ್ಟಗೆ ಬಿದ್ದವು.
ಫಕ್ಕೀರವ್ವ ಚಹಾಕ್ಕೆ ಇಟ್ಟಿದ್ದಳು,
ಯಾವ ಮೊಲೆಯ ಹಾಲು ಎಂದು ನಾನು ಕೇಳುವ ಮೊದಲೇ
‘ಮುಂದಿಂದು’ ಎಂದಳು.