ಗಾಯವಿಲ್ಲದ ಕಡೆ ಪಟ್ಟಿ

ಇವತ್ತು ಎಡ ರಟ್ಟೆಗೆ.
ನಿನ್ನೆ ಎದೆಯ ಎಡಕ್ಕಿತ್ತು, ಮೊನ್ನೆ ಬೆನ್ನ ಮೇಲೆ
ಮಹಬೂಬಿ ಹಚ್ಚಿದ್ದಳು, ಅಂಗೈ ಒತ್ತಿ ಹಿಡಿದು
ಹತ್ತು ಎಣಿಸಿ, ಮತ್ತೆ ಕೈ ತೊಳೆದು.
ಒಮ್ಮೆ ಹಚ್ಚಿದ ಜಾಗಕ್ಕೆ ವಾರಪೂರ್ತಿ ರಜೆ.
ಚರ್ಮಕ್ಕಾದರೂ ಸಿಕ್ಕಿತಲ್ಲ
ದಾವಣಗೆರೆಯ ಭಟ್ಟಿ ಸಾಲಿನಲ್ಲಿ ಒಂದು ರಜೆ.

ಪಕ್ಕದ ಒಲೆಯ ಚಮನ್ ಸಾಬ್ ಕೇಳಿದ:
ಏನೋ ದಾದಾಪೀರ, ಯಾರು ಹೊಡೆದರು?
ನಾನೇ ಮಾಮು, ನಾನೇ ಹೊಡೆದದ್ದು,
ದಿನಕ್ಕೆ ಎರಡು ಕಟ್ಟು,
ಮೂವತ್ತೊಂದು ವರ್ಷ.

ಇಲ್ಲಿ ಎಲ್ಲರ ಮೂಗಿನ ಹೊಳ್ಳೆಯೂ ಕಪ್ಪು.
ಬೆಳಗಿನ ಮೂರಕ್ಕೆ ಹೊಟ್ಟಿನ ಹೊಗೆ ಓಣಿ ತುಂಬಿ
ಮಸೀದಿಯ ದೀಪ ಕೂಡ ಕೆಮ್ಮಿದಂತೆ ಕಾಣುತ್ತೆ.
ಇಷ್ಟು ಹೊಗೆ ಪುಕ್ಕಟೆ ಸಿಗುವಾಗ
ದುಡ್ಡು ಕೊಟ್ಟು ಯಾಕೆ ಸೇದಿದೆನೋ.

ಚಿಗಟೇರಿ ಆಸ್ಪತ್ರೆಯ ಡಾಕ್ಟರಮ್ಮ
ಎದೆನೋವು ಕೇಳಿದರು, ಬಿಪಿ ನೋಡಿದರು.
ಎದ್ದ ಎಷ್ಟು ಹೊತ್ತಿಗೆ ಮೊದಲ ಬೀಡಿ?
ಕಣ್ಣು ಬಿಡೋಕೆ ಮುಂಚೆ, ಅಂದೆ. ಬರೆದುಕೊಂಡರು.
ಪಟ್ಟಿ ಕತ್ತರಿಸಬೇಡ, ಹಚ್ಚಿಕೊಂಡು ಸೇದಬೇಡ,
ಕೂದಲಿಲ್ಲದ, ಬೆವರಿಲ್ಲದ ಕಡೆ ಹಚ್ಚು.
ಬೆವರಿಲ್ಲದ ಕಡೆ!
ಅಮ್ಮಾ, ನಾನು ಮಂಡಕ್ಕಿ ಹುರಿಯೋನು.
ಪೆನ್ನು ನಿಂತಿತು.
ಕಾವು ತಾಗಿದರೆ ಔಷಧಿ ಬೇಕಾದ್ದಕ್ಕಿಂತ ಹೆಚ್ಚು ಒಳಗಿಳಿಯುತ್ತೆ,
ಬೆಂಕಿ ನಿನಗೆ ಯಾವ ಕಡೆ?

ಯಾರೂ ಕೇಳಿರಲಿಲ್ಲ ನನ್ನನ್ನು,
ಬೆಂಕಿ ಯಾವ ಕಡೆ ಎಂದು.
ಬಲಕ್ಕೆ, ಅಂದೆ. ಗಂಟಲು ಯಾಕೋ ಕಟ್ಟಿತು.
ಅದಕ್ಕೇ ಈಗ ಎಲ್ಲ ಎಡಕ್ಕೆ.
ಭಟ್ಟಿ ಆರಿದ ಶುಕ್ರವಾರ ಮಾತ್ರ ಬಲ ರಟ್ಟೆಯ ಸರದಿ.

ಮೂರನೇ ದಿನ ಕದ್ದು ಒಂದು ಸೇದಿದೆ, ಹೌದು.
ಅಕ್ಕಿ ಮೂಟೆಗಳ ಹಿಂದೆ, ಪಟ್ಟಿ ಮೈಮೇಲಿದ್ದಂತೆಯೇ.
ಬಾಯಲ್ಲಿ ನೀರೂರಿ, ತಲೆ ಗಿರ್ರೆಂದು
ಎದೆಯೊಳಗೆ ಕಾದ ಮರಳಿಗೆ ಬಿದ್ದ ಅಕ್ಕಿ,
ಪಟಪಟ ಪಟಪಟ.
ಹೋಗಿ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ.
ಹೇಳಿದ್ದು ಒಳ್ಳೇದಾಯ್ತು, ಮತ್ತೆ ಶುರು ಮಾಡು, ಅಂದರು.

ರಾತ್ರಿಯೆಲ್ಲ ಬಣ್ಣದ ಕನಸು.
ಅಬ್ಬಾ ಹೊಟ್ಟಿನ ರಾಶಿಯ ಮೇಲೆ ಕೂತು
ಕಡ್ಡಿ ಗೀರಿ, ಬಾ ಅನ್ನುತ್ತಿದ್ದರು.
ಮಲಗುವಾಗ ಬಿಚ್ಚಿಡು ಅಂದ ಮೇಲೆ
ಬಿಚ್ಚಿಟ್ಟೆ. ಅಬ್ಬಾ ಬರುವುದು ನಿಂತಿತು.
ಅದೂ ಒಂಥರಾ ಬೇಜಾರೇ.

ಹಾಗೆ ಬಿಚ್ಚಿದ್ದನ್ನು ಒಂದು ರಾತ್ರಿ
ಕಿಟಕಿಯ ಕಟ್ಟೆ ಮೇಲೆ ಮರೆತೆ.
ಮೊಮ್ಮಗಳು ಶಿಫಾ, ಮೂರು ವರ್ಷ,
ಸೇಬಿನ ಮೇಲಿನ ಸ್ಟಿಕ್ಕರೂ ಬಿಡದೆ ಹಣೆಗೆ ಅಂಟಿಸಿಕೊಳ್ಳುವವಳು,
ಫ್ರಾಕು ಎತ್ತಿ ಹೊಟ್ಟೆ ತೋರಿಸಿದಳು:
ನಾನಾ, ನಂಗೂ ಗಾಯ.

ಕಿತ್ತೆ. ಫೋನಿನಲ್ಲಿ ಡಾಕ್ಟರಮ್ಮ:
ಬರೀ ನೀರು ಸುರಿ, ಸೋಪು ಬೇಡ, ಕೂಡಲೇ ಕರೆದುಕೊಂಡು ಬಾ.
ನಾಲ್ಕು ತಾಸು ಕೂರಿಸಿಕೊಂಡರು.
ಅವಳು ಬಿಸ್ಕೀಟು ತಿಂದು
ನನ್ನ ತೊಡೆ ಮೇಲೆ ಮಲಗಿದಳು.
ಉಸಿರು ಎಣಿಸುತ್ತಾ ಕೂತೆ, ತಪ್ಪಿದರೆ ಮತ್ತೆ ಒಂದರಿಂದ.
ಏನೂ ಆಗಲಿಲ್ಲ.
ಏನೂ ಆಗಲಿಲ್ಲ ಎಂದು ಬರೆಯುವಾಗಲೂ
ಕೈ ನಡುಗುತ್ತೆ.

ಈಗ ಬಿಚ್ಚಿದ್ದನ್ನು ಅಂಟು ಒಳಗಾಗಿ ಮಡಚುತ್ತೇನೆ,
ದುವಾ ಮುಗಿದ ಅಂಗೈಗಳಂತೆ.
ಹಳೆಯ ಬೀಡಿ ಡಬ್ಬಿಗೆ ಹಾಕಿ, ಬಿಗಿಯಾಗಿ ಮುಚ್ಚಿ,
ಅಟ್ಟದ ಮೇಲೆ, ಅವಳು ಕುರ್ಚಿ ಹತ್ತಿದರೂ ಸಿಗದ ಕಡೆ.

ಈ ಓಣಿಯ ಹೊಗೆಗೆ ಪಟ್ಟಿ ಎಲ್ಲಿ ಹಚ್ಚೋದು ಅಮ್ಮಾ,
ಅಂತ ಕೇಳಿದೆ ಕಳೆದ ಸಲ.
ಅವರು ಕಿಟಕಿಯಾಚೆ ನೋಡಿದರು.
ಸಣ್ಣ ಪಟ್ಟಿಗೆ ಚೀಟಿ ಬರೆದುಕೊಟ್ಟರು.

ಮೂರು ಗಂಟೆ. ಒಲೆ ಹಿಡಿದಿದೆ.
ಬೆರಳು ತಾನಾಗೇ ಕಿವಿಯ ಹಿಂದೆ ಹೋಗಿ
ತಡಕಾಡಿ ವಾಪಸು ಬಂತು,
ಉಗುರಿನಲ್ಲಿ
ಒಂದು ಚೂರು ಹೊಟ್ಟು.